ಥಂಡಿಯ ರಾತ್ರಿ ಬೀದಿಯಲ್ಲಿ ಮಲಗುವವರಿಗಾಗಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಥಂಡಿಯನ್ನು ಕುರಿತವು. ಬಸ್ ನಿಲ್ದಾಣ, ಗುಡಿಯ ಕಟ್ಟೆ, ಅಂಗಡಿಯ ಮುಂಭಾಗಗಳಲ್ಲಿ ರಾತ್ರಿ ಕಳೆಯುವವರಿಗೆ ತಮ್ಮ ಕೈಲಾದಷ್ಟು ಏನು ಮಾಡಬಹುದೆಂದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಭಿಶಿಯ (ಚೀಟಿಯ) ಹಣದಲ್ಲಿ ಸ್ವಲ್ಪ ಉಳಿಸಿ, ಕಳೆದ ವರ್ಷ ಸಿದ್ಧೇಶ್ವರ ಜಾತ್ರೆಗೆ ಮುಂಚೆ ಬೀದಿಯಲ್ಲಿ ಮಲಗುವವರಿಗೆ ಚಾದರ ಹಂಚಿದೆವು. ವಾರ ಕಳೆದು ನೋಡಿದರೆ ಬಹಳ ಜನರ ಮೈಮೇಲೆ ಅವು ಇರಲಿಲ್ಲ. ಮಾರಿ ಕುಡಿದಿರಬೇಕೆಂದು ನಮ್ಮ ಮನೆಯವರು ಹೇಳುತ್ತಾರೆ. ಈ ವರ್ಷ ಮತ್ತೆ ಹಂಚಬೇಕೋ ಬೇಡವೋ? – ಶಿಕ್ಷಕಿಯೊಬ್ಬರು, ಜಲನಗರ, ವಿಜಯಪುರ

ಉತ್ತರ: ಅಕ್ಕನವರೇ, ಖಂಡಿತ ಹಂಚಿರಿ, ಆದರೆ ಹೋದ ವರ್ಷದ ಚಾದರಗಳು ಎಲ್ಲಿ ಹೋದವೆಂಬುದನ್ನು ಮೊದಲು ತಿಳಿದುಕೊಂಡು ಹಂಚಿರಿ. ಮಾರಿಕೊಂಡವರು ಒಬ್ಬಿಬ್ಬರು ಇದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಳಿದವರ ಸಂಗತಿ ಬೇರೆ. ಬೀದಿಯಲ್ಲಿ ಮಲಗುವವನಿಗೆ ರಾತ್ರಿ ಹೊದೆಯಲು ಚಾದರ ಸಿಕ್ಕರೂ ಹಗಲು ಅದನ್ನು ನೇತುಹಾಕಲು ಒಂದು ಗೂಟವೂ ಇರುವುದಿಲ್ಲ. ನಸುಕಿನಲ್ಲಿ ರಸ್ತೆ ಗುಡಿಸುವವರು ಬರುತ್ತಾರೆ, ಹೊತ್ತೇರಿದ ಮೇಲೆ ಅಂಗಡಿಯ ಶಟರ್ ತೆರೆಯುತ್ತದೆ, ಅಷ್ಟರೊಳಗೆ ಕಟ್ಟೆ ಖಾಲಿಯಾಗಬೇಕು. ಗಂಟನ್ನು ಅಲ್ಲೇ ಬಿಟ್ಟು ಹೋದರೆ ಅದು ಕಸದ ಗಾಡಿ ಸೇರುತ್ತದೆ. ಹೆಗಲ ಮೇಲೆ ಹೊತ್ತು ತಿರುಗಿದರೆ ಹಮಾಲಿಗಾಗಲಿ, ಹೋಟೆಲಿನಲ್ಲಿ ತಾಟು ತೊಳೆಯುವುದಕ್ಕಾಗಲಿ ಅವನನ್ನು ಯಾರೂ ಕರೆಯುವುದಿಲ್ಲ. ಕೂಲಿ ಬೇಕೋ ಚಾದರ ಬೇಕೋ ಎಂಬ ಪ್ರಶ್ನೆ ದಿನ ಬೆಳಗಾದರೆ ಎದುರಾದಾಗ ಅವನು ಕೂಲಿಯನ್ನೇ ಆರಿಸಿಕೊಳ್ಳುತ್ತಾನೆ, ಅದು ತಪ್ಪೂ ಅಲ್ಲ. ಇನ್ನು ಕೆಲವು ಚಾದರಗಳು ನಿದ್ದೆಯಲ್ಲಿದ್ದಾಗ ಕಳುವಾಗುತ್ತವೆ. ಕೆಲವನ್ನು ಅವರೇ ತಮಗಿಂತ ಕಷ್ಟದಲ್ಲಿರುವ ಮುದುಕರಿಗೆ ಕೊಟ್ಟಿರುತ್ತಾರೆ.

ಆದ್ದರಿಂದ ಚಾದರದಷ್ಟೇ ಮುಖ್ಯವಾದದ್ದು ಅದನ್ನು ಹಗಲು ಇಡುವ ಜಾಗ. ಬಸ್ ನಿಲ್ದಾಣದ ಸಮೀಪ ಚಹಾದ ಅಂಗಡಿಯವರೊಬ್ಬರು ತಮ್ಮ ಬೆಂಚಿನ ಕೆಳಗೆ ಇಂಥ ಮೂರು ಗಂಟುಗಳನ್ನು ಇಟ್ಟುಕೊಳ್ಳುವುದನ್ನು ನಾನು ಕಂಡಿದ್ದೇನೆ. ಒಂದಕ್ಕೆ ಕೆಂಪು ದಾರ ಕಟ್ಟಿದೆ, ಇನ್ನೊಂದಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿದೆ, ಮೂರನೆಯದು ಗೊಬ್ಬರದ ಚೀಲದೊಳಗಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಗಂಟಿನ ಒಡೆಯರು ಬಂದು ತಮ್ಮ ತಮ್ಮ ಗುರುತು ನೋಡಿ ಒಯ್ಯುತ್ತಾರೆ. ಬೆಳಿಗ್ಗೆ ಮತ್ತೆ ತಂದಿಟ್ಟು, ಅಂಗಡಿಯ ಮುಂದೆ ನೀರು ಹೊಡೆದು, ಕೆಲಸ ಹುಡುಕಿಕೊಂಡು ಹೋಗುತ್ತಾರೆ. ನಿಮ್ಮ ಗುಂಪಿನವರು ಹೊಸ ಚಾದರ ಕೊಳ್ಳುವ ಮುನ್ನ ಇಂಥ ನಾಲ್ಕು ಅಂಗಡಿಯವರನ್ನು ಮಾತನಾಡಿಸಿ ಒಪ್ಪಿಸಿದರೆ, ಅರ್ಧ ಕೆಲಸ ಮುಗಿದಂತೆ. ಓಣಿಯಲ್ಲಿ ನಿಮಗೆ ಪರಿಚಯವಿರುವ ಕಿರಾಣಿ ಅಂಗಡಿಯವರು, ಇಸ್ತ್ರಿ ಮಾಡುವವರು, ಗುಡಿಯ ಪೂಜಾರಿಗಳು ಇಂಥ ಮಾತಿಗೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಒಂದೊಂದು ಹೊದಿಕೆಗೂ ಬೇರೆ ಬೇರೆ ಬಣ್ಣದ ದಾರದಿಂದ ಮೂಲೆಯಲ್ಲಿ ನಾಲ್ಕು ಹೊಲಿಗೆ ಹಾಕಿಕೊಡಿರಿ. ಗುರುತಿದ್ದ ವಸ್ತುವನ್ನು ಕದಿಯುವುದೂ ಮಾರುವುದೂ ಕಷ್ಟ.

ಎರಡನೆಯ ಮಾತು ನಮ್ಮ ಊರಿನ ಥಂಡಿಯದು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ, ಹೀಗಾಗಿ ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನೆಲ್ಲ ಬೇಗ ಬಿಟ್ಟುಕೊಡುತ್ತದೆ. ಮಧ್ಯಾಹ್ನ 28–30 ಡಿಗ್ರಿ ಬಿಸಿಲಿದ್ದ ವಿಜಯಪುರದಲ್ಲಿ ಮರುದಿನ ನಸುಕಿಗೆ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದದ್ದು ಎಷ್ಟೋ ಸಲ ಉಂಟು. ರಾತ್ರಿ ಊಟ ಮುಗಿಸಿ ಒಂಬತ್ತು ಗಂಟೆಗೆ ಹಂಚಲು ಹೋದವರಿಗೆ ಈ ಬಿರುಸು ಗೊತ್ತಾಗುವುದೇ ಇಲ್ಲ, ಏಕೆಂದರೆ ಥಂಡಿ ಅತಿ ಹೆಚ್ಚಾಗುವುದು ಸೂರ್ಯ ಹುಟ್ಟುವ ಮುಂಚಿನ ಒಂದೆರಡು ತಾಸಿನಲ್ಲಿ. ನಿಮ್ಮಲ್ಲಿ ಯಾರಾದರೂ ಒಂದು ದಿನ ಬೆಳಗಿನ ಐದು ಗಂಟೆಗೆ ಗಾಂಧಿ ಚೌಕದಿಂದ ಸಿದ್ಧೇಶ್ವರ ಗುಡಿಯವರೆಗೆ ನಡೆದು ನೋಡಿರಿ. ಯಾರಿಗೆ ಏನು ಬೇಕೆಂಬುದು ಆಗ ತಿಳಿಯುತ್ತದೆ.

ಆ ಹೊತ್ತಿನಲ್ಲಿ ಚಾದರ ಹೊದ್ದವರೂ ನಡುಗುತ್ತಿರುವುದಕ್ಕೆ ಕಾರಣ ಮೇಲಿನ ಗಾಳಿಗಿಂತ ಹೆಚ್ಚಾಗಿ ಕೆಳಗಿನ ನೆಲ. ಸಿಮೆಂಟಿನ ಕಟ್ಟೆ, ಫರಸಿ ಕಲ್ಲುಗಳು ಮೈಯ ಶಾಖವನ್ನು ಸದಾ ಎಳೆದುಕೊಳ್ಳುತ್ತಿರುತ್ತವೆ. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಮೈಯ ಭಾರಕ್ಕೆ ಸಿಕ್ಕು ಚಪ್ಪಟೆಯಾದ ಚಾದರದಲ್ಲಿ ಆ ಗಾಳಿ ಉಳಿಯುವುದಿಲ್ಲ. ಆದ್ದರಿಂದ ಹೊದಿಕೆಗಿಂತ ಮೊದಲು ಹಾಸಿಗೆ ಕೊಡಿರಿ. ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಫ್ರಿಜ್, ಟಿವಿ ಮಾರುವ ಅಂಗಡಿಗಳಲ್ಲಿ ದಪ್ಪ ರಟ್ಟಿನ ಪೆಟ್ಟಿಗೆಗಳು, ಎಪಿಎಂಸಿಯಲ್ಲಿ ಹಳೆಯ ಗೋಣಿಚೀಲಗಳು ಸಿಗುತ್ತವೆ. ಎಲ್ಲಕ್ಕಿಂತ ಕೆಳಗೆ ತಾಡಪತ್ರಿಯ ತುಂಡು, ಅದರ ಮೇಲೆ ರಟ್ಟು, ಅದರ ಮೇಲೆ ಬಿಚ್ಚಿ ಹೊಲಿದ ಗೋಣಿತಟ್ಟು ಇಷ್ಟಿದ್ದರೆ ಒಂದು ಸಾಧಾರಣ ಸೊಲ್ಲಾಪುರ ಚಾದರವೂ ರಾತ್ರಿ ಪೂರ್ತಿ ಕೆಲಸ ಮಾಡುತ್ತದೆ. ತೆರೆದ ಆಕಾಶದ ಕೆಳಗೆ ಮಲಗುವವರನ್ನು, ಅವರು ಒಪ್ಪಿದರೆ, ಯಾವುದಾದರೂ ಛಾವಣಿಯ ಕೆಳಗೆ ಬರುವಂತೆ ಹೇಳಿರಿ. ತಗಡಿನದೇ ಆದರೂ ಮೇಲೊಂದು ಮರೆ ಇದ್ದರೆ ಇಬ್ಬನಿ ತಾಗುವುದಿಲ್ಲ, ಕಾವೂ ಅಷ್ಟು ಬೇಗ ಹೋಗುವುದಿಲ್ಲ.

ಮಲಗುವ ಮುನ್ನ ಹೊಟ್ಟೆಗೆ ಬಿದ್ದ ಅನ್ನವೂ ಥಂಡಿಗೆ ಔಷಧ. ಎಳ್ಳಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಮಾಡುವ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು–ಬೆಲ್ಲದ ಉಂಡಿಗಳೆಲ್ಲ ಈ ಹವಾಮಾನಕ್ಕೆ ಹೇಳಿ ಮಾಡಿಸಿದವು; ಕೆಡುವುದೂ ಇಲ್ಲ. ಆದರೆ ಹಲ್ಲಿಲ್ಲದ ಅಜ್ಜನ ಕೈಗೆ ಕಡಕ್ ರೊಟ್ಟಿ ಇಟ್ಟು ಬರಬೇಡಿರಿ, ಅವರಿಗೆ ಬಿಸಿ ಸಾರಿನಲ್ಲಿ ನೆನೆಸಿದ ರೊಟ್ಟಿ ಅಥವಾ ಜೋಳದ ನುಚ್ಚು ಬೇಕು. ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಒಂದು ಸಣ್ಣ ಡಬ್ಬಿ ವ್ಯಾಸಲೀನ್ ಇವನ್ನು ಯಾರೂ ಕೊಡುವುದಿಲ್ಲ. ನಮ್ಮ ಒಣ ಥಂಡಿಗೆ ಬರಿಗಾಲಿನ ಹಿಮ್ಮಡಿ ಬೆರಳು ತೂರುವಷ್ಟು ಒಡೆಯುತ್ತದೆ, ಮಧುಮೇಹವಿದ್ದವರಿಗೆ ಅದೇ ಗಾಯ ಮುಂದೆ ಕಾಲಿಗೇ ಕುತ್ತಾಗುತ್ತದೆ.

ಕಡೆಯದಾಗಿ, ಮೊದಲ ಸಲ ಹೋಗುವಾಗ ಬರಿಗೈಯಲ್ಲಿ ಹೋಗಿರಿ. ಫೋಟೋ ಬೇಡ, ಬ್ಯಾನರ್ ಬೇಡ. ‘ಅಜ್ಜಾ, ರಾತ್ರಿ ಹೆಂಗ ಕಳಿತೀರಿ? ಹಗಲು ಹಾಸಿಗಿ ಎಲ್ಲಿ ಇಡ್ತೀರಿ?’ ಎಂದು ಕೇಳಿ, ಹೇಳಿದ್ದನ್ನು ನೆನಪಿಟ್ಟುಕೊಳ್ಳಿರಿ. ಗುರುತೇ ಇಲ್ಲದ ನಲವತ್ತು ಜನರಿಗೆ ಒಂದೇ ಸಂಜೆ ಹಂಚುವುದಕ್ಕಿಂತ, ಹೆಸರು ಗೊತ್ತಿರುವ ಹತ್ತು ಜನರನ್ನು ಸಂಕ್ರಮಣ ಕಳೆದು ಶಿವರಾತ್ರಿಯವರೆಗೆ ನೋಡಿಕೊಳ್ಳುವುದು ಮೇಲೆಂದು ನಾನು ದೃಢವಾಗಿ ನಂಬುತ್ತೇನೆ. ಆ ಹತ್ತರಲ್ಲಿ ಕುಡಿಯುವವನೂ ಒಬ್ಬನಿರಬಹುದು. ಅವನಿಗೂ ಕೊಡಿರಿ, ಥಂಡಿಯಿಂದ ಸಾಯುವ ಅಪಾಯ ಎಲ್ಲರಿಗಿಂತ ಅವನಿಗೇ ಹೆಚ್ಚು.

ಪ್ರಶ್ನೆ: ನಾವು ನೇಕಾರ ಮನೆತನದವರು. ಹಳೆಯ ಸೀರೆಗಳೂ ಮಗ್ಗದ ಉಳಿಕೆ ಬಟ್ಟೆಯೂ ಮನೆಯಲ್ಲಿ ಬಹಳ ಇವೆ. ನನಗೂ ನಮ್ಮ ಅತ್ತೆಯವರಿಗೂ ಕೌದಿ ಹೊಲಿಯಲು ಬರುತ್ತದೆ. ಹಳೆಯ ಬಟ್ಟೆಯ ಕೌದಿ ಕೊಟ್ಟರೆ ಪಡೆದವರಿಗೆ ಅವಮಾನವೆನಿಸೀತೇ? – ಗೃಹಿಣಿ, ರಬಕವಿ–ಬನಹಟ್ಟಿ

ಉತ್ತರ: ತಂಗೀ, ಅವಮಾನವೆನಿಸುವುದು ಕೊಳೆಯಾದ, ಹರಿದ, ಮನೆಯಿಂದ ಹೊರಹಾಕುವ ಸಲುವಾಗಿಯೇ ಕೊಟ್ಟ ವಸ್ತುವಿನಿಂದ. ಅಂಚು ಮಡಚಿ ಒತ್ತೊತ್ತಾಗಿ ದಾರ ಎಳೆದ ಕೌದಿಯನ್ನು ಈ ಸೀಮೆಯಲ್ಲಿ ಬಾಣಂತಿಗೂ ಕೂಸಿಗೂ ಹಾಸುತ್ತಾರೆ. ಅದನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಆರೇಳು ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಕೌದಿಯನ್ನು ಹಾಸಬಹುದು, ಹೊದೆಯಲೂಬಹುದು.

ಎರಡು ಎಚ್ಚರಿಕೆಗಳಿವೆ. ಕೌದಿ ಭಾರವಾಗಿರುತ್ತದೆ, ಒದ್ದೆಯಾದರೆ ಬೇಗ ಒಣಗುವುದಿಲ್ಲ. ಆದ್ದರಿಂದ ದಪ್ಪ ಕೌದಿಯನ್ನು ಗುಡಿಯ ಕಟ್ಟೆಯಂಥ ಒಂದೇ ಜಾಗದಲ್ಲಿ ನೆಲೆನಿಂತ ಹಿರಿಯರಿಗೆ ಕೊಟ್ಟು, ತಿರುಗಾಡುವವರಿಗೆ ಮೂರು ಪದರದ ಚಿಕ್ಕ ಕೌದಿ ಹೊಲಿದು, ಸುತ್ತಿ ಕಟ್ಟಿಕೊಳ್ಳಲು ಒಂದು ಅಂಚಿಗೆ ಲಾಡಿ ಇಡಿರಿ. ಬೀದಿಯಲ್ಲಿ ಮಲಗುವವರು ಬೆಂಕಿಯ ಪಕ್ಕದಲ್ಲಿ ಇರುವುದು ಹೆಚ್ಚು. ಪಾಲಿಯೆಸ್ಟರ್ ಸೀರೆಗೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಅಂಥದ್ದು ಒಳಪದರದಲ್ಲಿರಲಿ, ಹೊರಗಿನ ಎರಡೂ ಮಗ್ಗುಲು ನಿಮ್ಮ ಮಗ್ಗದ ಹತ್ತಿಯ ಬಟ್ಟೆಯೇ ಇರಲಿ. ಬಳಸಿದ ಬಟ್ಟೆಯನ್ನು ಕುದಿನೀರಿನಲ್ಲಿ ಒಗೆದು ಕಡು ಬಿಸಿಲಿಗೆ ಒಣಗಿಸಿದ ಮೇಲೆಯೇ ಹೊಲಿಗೆಗೆ ತೆಗೆದುಕೊಳ್ಳಿರಿ, ಇಲ್ಲವಾದರೆ ಕಜ್ಜಿಯಂಥ ರೋಗಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಇಬ್ಬನಿ ಬೀಳುವ ಬಯಲಿನಲ್ಲೇ ಮಲಗುವವರಿಗೆ ಮಾತ್ರ ನಮ್ಮ ಕುರುಬರು ನೇಯುವ ಕರಿ ಕಂಬಳಿಗೆ ಸಮನಾದದ್ದಿಲ್ಲ. ಉಣ್ಣೆ ತುಸು ತೇವವಾದರೂ ಬೆಚ್ಚಗಿಡುತ್ತದೆ.

ಪ್ರಶ್ನೆ: ತೆರಿಗೆ ಕಟ್ಟುವ ನಾವು ಮತ್ತೆ ಕೈಯಿಂದ ಖರ್ಚು ಮಾಡಿ ಕಂಬಳಿ ಕೊಡುವುದೇಕೆ? ಇದು ಪಾಲಿಕೆಯ ಕೆಲಸವಲ್ಲವೇ? – ನಿವೃತ್ತ ನೌಕರರು, ಟಿಳಕವಾಡಿ, ಬೆಳಗಾವಿ

ಉತ್ತರ: ಹಿರಿಯರೇ, ನಿಮ್ಮ ಮಾತು ನಿಜ, ಕಾನೂನಿನಲ್ಲೂ ನಿಜ. 2009ರ ಚಳಿಗಾಲದಲ್ಲಿ ದೆಹಲಿಯಲ್ಲಿ ತಾತ್ಕಾಲಿಕ ರಾತ್ರಿ ತಂಗುದಾಣವೊಂದನ್ನು ಕೆಡವಿದ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದು, ಆಹಾರದ ಹಕ್ಕಿನ ಪ್ರಕರಣದಲ್ಲಿ 2010ರಲ್ಲಿ ನ್ಯಾಯಾಲಯವು ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿ ತೆರೆದಿರುವ ಆಶ್ರಯಗಳನ್ನು ನಡೆಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ನಗರ ವಸತಿರಹಿತರ ಆಶ್ರಯಕ್ಕೆ ಮಾರ್ಗಸೂಚಿಯನ್ನೇ ರೂಪಿಸಿ, ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸಾಲುವಷ್ಟು, ಒಬ್ಬೊಬ್ಬರಿಗೆ 50 ಚದರಡಿಯಂತೆ ಜಾಗವಿರಬೇಕೆಂದು ಹೇಳಿತು. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.88 ಲಕ್ಷ, ಆ ಲೆಕ್ಕದಲ್ಲಿ ಎಷ್ಟು ಜನರಿಗೆ ಜಾಗ ಬೇಕೆಂಬುದನ್ನು ನೀವೇ ಗುಣಿಸಿ ನೋಡಬಹುದು. ಅದೇ ಜನಗಣತಿ ದೇಶದಲ್ಲಿ 17.7 ಲಕ್ಷ ಮನೆಯಿಲ್ಲದವರನ್ನು ಎಣಿಸಿತ್ತು.

ನಿವೃತ್ತರಾದ ನಿಮಗೆ ಕಚೇರಿಯ ಭಾಷೆ ಗೊತ್ತು, ಸಮಯವೂ ಉಂಟು. ಕಂಬಳಿಗಿಂತ ಹೆಚ್ಚಿನ ಉಪಕಾರ ನಿಮ್ಮಿಂದ ಆಗಬಹುದು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ನಗರದಲ್ಲಿ ಆಶ್ರಯ ಕೇಂದ್ರಗಳು ಎಷ್ಟು, ಎಲ್ಲೆಲ್ಲಿ, ಹಾಸಿಗೆ ಎಷ್ಟು, ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ ಎಂದು ಕೇಳಿರಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಅಷ್ಟರಲ್ಲಿ ಕೇಂದ್ರಕ್ಕೆ ಸ್ವತಃ ಹೋಗಿ ನೋಡಿ ಬನ್ನಿರಿ. ಹಾಸಿಗೆ ಖಾಲಿ ಇದ್ದೂ ಜನ ಬೀದಿಯಲ್ಲಿ ಮಲಗುವುದಕ್ಕೆ ಕಾರಣಗಳಿವೆ. ನಸುಕಿನಲ್ಲಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವನಿಗೆ ದೂರದ ಕೇಂದ್ರ ಉಪಯೋಗಕ್ಕೆ ಬರುವುದಿಲ್ಲ; ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆಯಾಗಬೇಕಾದರೆ ಕುಟುಂಬ ಬರುವುದಿಲ್ಲ; 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದೊಯ್ದು ಕೂಡಿಹಾಕುತ್ತಾರೆಂಬ ಭಯದಲ್ಲಿ ಮುದುಕರು ಸರ್ಕಾರಿ ಗಾಡಿ ಕಂಡೊಡನೆ ಓಡಿಹೋಗುತ್ತಾರೆ. ಆ ಕಾಯ್ದೆಯ ಹೆಸರಿನಲ್ಲಿ ನಿಮ್ಮ ಆಸ್ತಿ ತೆರಿಗೆಯ ಜೊತೆ ಶೇ 3ರ ಉಪಕರವೂ ಸೇರಿರುತ್ತದೆ, ಅದನ್ನು ಕುರಿತೂ ಕೇಳುವ ಹಕ್ಕು ನಿಮಗಿದೆ. ಕೇಂದ್ರ ಚೆನ್ನಾಗಿದ್ದರೆ ನಿಮ್ಮ ಓಣಿಯಲ್ಲಿ ಮಲಗುವ ಒಬ್ಬರನ್ನು ಕೈಹಿಡಿದು ಕರೆದೊಯ್ದು ತೋರಿಸಿರಿ. ಒಬ್ಬರು ಹೋಗಿ ಬಂದು ಹೇಳಿದರೆ ಉಳಿದವರೂ ನಂಬುತ್ತಾರೆ. ಇಷ್ಟೆಲ್ಲ ಆಗುವವರೆಗೆ ಈ ರಾತ್ರಿಯದೊಂದು ಕಂಬಳಿ ಬೇಕೇ ಬೇಕು, ಅದಕ್ಕೆ ಅರ್ಜಿಯ ಉತ್ತರ ಕಾಯಲಾಗದು.

ಪ್ರಶ್ನೆ: ನಮ್ಮ ಬಡಾವಣೆಯ ಬಸ್ ಸ್ಟಾಪಿನಲ್ಲಿ ಒಬ್ಬರು ಬಹಳ ದಿನಗಳಿಂದ ಇದ್ದಾರೆ. ಯಾರೊಡನೆಯೂ ಮಾತಿಲ್ಲ, ತಮ್ಮಷ್ಟಕ್ಕೆ ತಾವೇ ಗೊಣಗುತ್ತಾರೆ, ಕಂಬಳಿ ಕೊಟ್ಟರೆ ಎಸೆಯುತ್ತಾರೆ. ಏನು ಮಾಡಲಿ? – ಯುವಕ, ನವನಗರ, ಬಾಗಲಕೋಟೆ

ಉತ್ತರ: ತಮ್ಮಾ, ಕೈಗೆ ಕೊಡಲು ಹೋಗಬೇಡ. ಕಂಬಳಿಯನ್ನೂ ಊಟದ ಪೊಟ್ಟಣವನ್ನೂ ಎರಡು ಮಾರು ದೂರದಲ್ಲಿಟ್ಟು, ಎದುರಿಗೆ ನಿಲ್ಲದೆ, ಬದಿಯಲ್ಲಿ ಕುಳಿತು ಒಂದು ಮಾತಾಡಿ ಬಾ. ದಿನವೂ ಒಂದೇ ಹೊತ್ತಿಗೆ, ಒಬ್ಬನೇ ಹೋಗು. ಗುಂಪು ಕಂಡರೆ ಇಂಥವರು ಹೆದರುತ್ತಾರೆ, ಏಕೆಂದರೆ ಗುಂಪಿನಿಂದ ಅವರು ಕಲ್ಲೇಟು ತಿಂದಿರುತ್ತಾರೆ.

ಮನೋರೋಗವಿದ್ದು ಬೀದಿ ಅಲೆಯುವವರ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೆಯ ಕಲಂ ಪೊಲೀಸರಿಗೆ ಒಪ್ಪಿಸಿದೆ. ಅಂಥವರನ್ನು ರಕ್ಷಣೆಗೆ ತೆಗೆದುಕೊಂಡ ಠಾಣೆಯವರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ, ಮನೆಯವರನ್ನು ಹುಡುಕಲು ಪ್ರಕರಣ ದಾಖಲಿಸಬೇಕು. ಠಾಣೆಗೆ ಹೋಗುವ ಮುನ್ನ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳು. ಪೊಲೀಸರ ಜೊತೆ ನೀನೂ ಆಸ್ಪತ್ರೆಯವರೆಗೆ ಹೋಗು. ಅವರಿಗೆ ಪರಿಚಿತ ಮುಖವೆಂದರೆ ಅಷ್ಟು ಹೊತ್ತಿಗೆ ನಿನ್ನದೊಂದೇ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗಾಗಿ ಕಟ್ಟಿದ ನವನಗರದಲ್ಲಿ, ನೆಲೆ ತಪ್ಪುವುದೆಂದರೇನು ಎಂಬುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು; ಅವರ ನೆರವನ್ನೂ ಕೇಳು.

ಪ್ರಶ್ನೆ: ನಮ್ಮ ಹೊಲಕ್ಕೆ ಕಬ್ಬು ಕಡಿಯಲು ಬಂದ ಗ್ಯಾಂಗಿನಲ್ಲಿ ಸಣ್ಣ ಮಕ್ಕಳಿದ್ದಾರೆ. ನಸುಕಿನಲ್ಲಿ ತಾಯಂದಿರು ಹೊಲಕ್ಕೆ ಹೋದ ಮೇಲೆ ಮಕ್ಕಳು ಥಂಡಿಯಲ್ಲೇ ಇರುತ್ತಾರೆ. – ರೈತರು, ಮುಧೋಳ

ಉತ್ತರ: ಇವರನ್ನು ಮನೆಯಿಲ್ಲದವರ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ, ಊರಲ್ಲಿ ಇವರಿಗೊಂದು ಮನೆ ಉಂಟೆಂಬ ಕಾರಣಕ್ಕೆ. ಆದರೆ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳೂ ಥಂಡಿಯ ತಿಂಗಳುಗಳೂ ಒಂದೇ. ಮಹಾರಾಷ್ಟ್ರದ ಬೀಡ ಸೀಮೆಯಿಂದ ಇಲ್ಲಿಗೆ ಬಂದವರು ರವದಿಯ (ಕಬ್ಬಿನ ಒಣಗರಿಯ) ಗುಡಿಸಲಲ್ಲಿ ಮಲಗುವ ಹೊತ್ತಿಗೆ, ನಮ್ಮ ತಾಂಡಾಗಳಿಂದ ಗುಳೆ ಹೋದವರು ಗೋವಾದಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಅಡಿಯಲ್ಲಿ ಮಲಗಿರುತ್ತಾರೆ. ನಿಮ್ಮ ಪಂಪ್‌ಸೆಟ್ ಮನೆಯಲ್ಲಿ ಜಾಗವಿದ್ದರೆ ಮಕ್ಕಳಿಗೆ ಬಿಟ್ಟುಕೊಡಿರಿ. ಒಬ್ಬ ಅಜ್ಜಿಯನ್ನು ಅವರ ಜೊತೆ ಉಳಿಸುವಂತೆ ಗ್ಯಾಂಗಿನ ಮುಖಂಡನಾದ ಮುಕಾದಮನಿಗೆ ಹೇಳಿರಿ. ಒಣಗಿದ ರವದಿಗೆ ಬೆಂಕಿ ತಗುಲಿದರೆ ಗುಡಿಸಲು ಗಳಿಗೆಯಲ್ಲಿ ಉರಿಯುತ್ತದೆ, ಆದ್ದರಿಂದ ಒಲೆ ದೂರವಿರಲಿ, ಪಕ್ಕದಲ್ಲಿ ಎರಡು ಕೊಡ ನೀರಿರಲಿ. ಆರು ವರ್ಷದೊಳಗಿನ ಮಕ್ಕಳನ್ನು ಊರಿನ ಅಂಗನವಾಡಿಗೆ ಸೇರಿಸಿಕೊಳ್ಳುವಂತೆ ಕಾರ್ಯಕರ್ತೆಯನ್ನು ಕೇಳಿಕೊಳ್ಳಿರಿ. ನಿಮ್ಮ ಮಕ್ಕಳಿಗೆ ಗಿಡ್ಡವಾದ ಸ್ವೆಟರು, ಕುಂಚಿಗೆಗಳೂ ಅಲ್ಲಿಗೇ ಹೋಗಲಿ.

ಪ್ರಶ್ನೆ: ನಾನು ಬಸ್ ನಿಲ್ದಾಣದ ಮುಂದೆ ನಸುಕಿನ ನಾಲ್ಕಕ್ಕೆ ಚಹಾದ ಅಂಗಡಿ ತೆರೆಯುತ್ತೇನೆ. ಥಂಡಿಗೆ ಮಲಗಿದವರು ಕೆಲವೊಮ್ಮೆ ಎಬ್ಬಿಸಿದರೂ ಏಳುವುದಿಲ್ಲ. ಕುಡಿದು ಮಲಗಿದ್ದಾರೋ, ಜೀವಕ್ಕೆ ಅಪಾಯವಿದೆಯೋ ತಿಳಿಯುವುದು ಹೇಗೆ? – ಚಹಾ ಅಂಗಡಿಯವರು, ಅಥಣಿ

ಉತ್ತರ: ಅಣ್ಣಾ, ಈ ಪತ್ರಗಳಲ್ಲೆಲ್ಲ ನಿಮ್ಮದು ಬಹಳ ತೂಕದ ಪ್ರಶ್ನೆ, ಏಕೆಂದರೆ ಆ ಹೊತ್ತಿನಲ್ಲಿ ಎಚ್ಚರವಿರುವವರು ನೀವೊಬ್ಬರೇ. ಮೈಯೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಮೈ ಒದ್ದೆಯಾಗಿದ್ದು, ಹೊಟ್ಟೆ ಖಾಲಿಯಿದ್ದು, ವಯಸ್ಸಾಗಿದ್ದರೆ ಇದಕ್ಕೆ ಹಿಮ ಬೀಳುವ ಥಂಡಿಯೇ ಬೇಕಿಲ್ಲ, ನಮ್ಮ ಥಂಡಿಯೇ ಸಾಕು. ಕುಡಿದಾಗ ಚರ್ಮದ ರಕ್ತನಾಳಗಳು ಅಗಲವಾಗಿ ಮೈ ಬೆಚ್ಚಗಾದಂತೆ ಅನಿಸುತ್ತದೆ, ನಿಜವಾಗಿ ಒಳಗಿನ ಶಾಖ ಹೊರಗೆ ಹರಿದುಹೋಗುತ್ತಿರುತ್ತದೆ.

ನಡುಗುತ್ತಿರುವವನಲ್ಲಿ ಇನ್ನೂ ಶಕ್ತಿಯಿದೆ ಎಂದು ತಿಳಿಯಿರಿ. ನಡುಕ ನಿಂತು, ಮಾತು ತೊದಲಿ, ಹೆಜ್ಜೆ ತಪ್ಪಿ, ಅರೆಪ್ರಜ್ಞೆಗೆ ಜಾರಿದವನನ್ನು ಕುಡುಕನೆಂದು ಬಿಟ್ಟುಬಿಡುವುದೇ ದೊಡ್ಡ ಅಪಾಯ. ಅಂಗಿಯೊಳಗೆ ಕೈ ಹಾಕಿ ಹೊಟ್ಟೆಯನ್ನು ಮುಟ್ಟಿ ನೋಡಿರಿ. ಕೈಕಾಲು ಎಲ್ಲರದೂ ತಣ್ಣಗಿರುತ್ತವೆ, ಹೊಟ್ಟೆಯೂ ತಣ್ಣಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಆಂಬುಲೆನ್ಸ್ ಬರುವಷ್ಟರಲ್ಲಿ ಮೆಲ್ಲಗೆ ಎತ್ತಿ ಗಾಳಿ ಬೀಸದ ಕಡೆ ರಟ್ಟಿನ ಮೇಲೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಎದೆ, ಹೊಟ್ಟೆ, ಕುತ್ತಿಗೆ, ತಲೆಗಳನ್ನು ಮೊದಲು ಹೊದಿಸಿರಿ. ಕೈಕಾಲು ತಿಕ್ಕಬೇಡಿರಿ, ಉರಿಯುವ ಬೆಂಕಿಯ ಹತ್ತಿರ ಎಳೆದೊಯ್ಯಬೇಡಿರಿ. ಪೂರ್ತಿ ಎಚ್ಚರವಿದ್ದು ತಾನೇ ಲೋಟ ಹಿಡಿಯಬಲ್ಲವನಾದರೆ ಮಾತ್ರ ಸಕ್ಕರೆ ಹೆಚ್ಚು ಹಾಕಿದ ಬಿಸಿ ಚಹಾ ಕೊಡಿರಿ. ಪ್ರಜ್ಞೆಯಿಲ್ಲದವನ ಬಾಯಿಗೆ ಹನಿ ನೀರನ್ನೂ ಹಾಕಬಾರದು.

ಟೈರು, ಪ್ಲಾಸ್ಟಿಕ್ ಸುಟ್ಟು ಕಾಯಿಸಿಕೊಳ್ಳುವವರಿಗೆ ಅದರ ಹೊಗೆ ವಿಷವೆಂದು ತಿಳಿಸಿ, ನಿಮ್ಮ ಒಲೆಯ ಸೌದೆಯಲ್ಲಿ ಎರಡು ತುಂಡು ಕೊಡಿರಿ. ಬಾಗಿಲು ಮುಚ್ಚಿದ ಕೋಣೆಯೊಳಗೆ ಮಾತ್ರ ಇದ್ದಿಲ ಬೆಂಕಿ ಇಡಲು ಯಾರಿಗೂ ಬಿಡಬೇಡಿರಿ, ವಾಸನೆಯೇ ಇಲ್ಲದ ಅದರ ಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ. ಯಾರನ್ನಾದರೂ ಆಸ್ಪತ್ರೆಗೆ ಕಳಿಸಿದರೆ ಅವರ ಗಂಟನ್ನು ನಿಮ್ಮ ಅಂಗಡಿಯಲ್ಲಿ ಎತ್ತಿಟ್ಟು, ಅದು ಎಲ್ಲಿದೆ ಎಂಬುದನ್ನು ಆಂಬುಲೆನ್ಸಿನವರ ಮೂಲಕ ಅವರಿಗೆ ತಿಳಿಸಿರಿ. ಹಾಸಿಗೆ ಕಳೆದುಹೋದೀತೆಂಬ ಚಿಂತೆಗೇ ಚಿಕಿತ್ಸೆಯ ನಡುವೆ ಎದ್ದು ಬರುವವರಿದ್ದಾರೆ.